ಹಳೆಯ ಡ್ರಿಲ್ಲಿಂಗ್ ಮಷಿನ್‌ನಲ್ಲಿ ಬಿಟ್ ಅಲುಗುತ್ತಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಗುಜರಿಯಿಂದ ತಂದ ಹಳೆಯ ಬೆಂಚ್ ಡ್ರಿಲ್ಲಿಂಗ್ ಮಷಿನ್ ಸ್ವಿಚ್ ಹಾಕಿದ ಕೂಡಲೇ ತಿರುಗಿತು ಅಂದರೆ ಖುಷಿಯೇ. ಆದರೆ ಅದರ ನಿಜವಾದ ಆರೋಗ್ಯ ತಿಳಿಯುವುದು ಚಕ್‌ಗೆ, ಅಂದರೆ ಬಿಟ್ಟನ್ನು ಹಿಡಿಯುವ ಮೂರು ದವಡೆಯ ಭಾಗಕ್ಕೆ, ಸಣ್ಣ ಬಿಟ್ ಕಚ್ಚಿಸಿದ ಮೇಲೆ. ತುದಿ ಒಂದೆಡೆ ನಿಲ್ಲದೆ ಗಾಳಿಯಲ್ಲಿ ಪುಟ್ಟ ವೃತ್ತ ಬರೆಯುತ್ತಿರುತ್ತದೆ. 6 ಮಿ.ಮೀ. ಬಿಟ್ 6.3ರ ತೂತು ಕೊರೆಯುತ್ತದೆ, ಪಂಚ್ ಹೊಡೆದ ಗುರುತು ಬಿಟ್ಟು ಪಕ್ಕಕ್ಕೆ ಜಾರುತ್ತದೆ. 2 ಮಿ.ಮೀ.ನದ್ದಾದರೆ ಪಟ್ಟನೆ ಮುರಿಯುತ್ತದೆ.

ಕೇಳಿದವರೆಲ್ಲ ಹೇಳುವುದು ಒಂದೇ: ಚಕ್ ಹೋಗಿದೆ, ಹೊಸದು ಹಾಕಿ. ಹೊಸದು ಹಾಕಿದ ಮೇಲೂ ಅಲುಗಿದರೆ, ಬೇರಿಂಗ್ ಹಾಕಿ. ಅದೂ ಆದಮೇಲೆ, ಮಷಿನ್ನೇ ಹಾಗೆ ಬಿಡಿ. ಹೀಗೆ ದುಡ್ಡು ಸುರಿದು ಕೊನೆಗೆ ಮೂಲೆಗೆ ತಳ್ಳಿದ ಮಷಿನ್‌ಗಳು ಬೇಕಾದಷ್ಟಿವೆ. ಸ್ಪಿಂಡಲ್‌ನಿಂದ (ಪುಲ್ಲಿಯ ಜೊತೆ ತಿರುಗುವ ಮುಖ್ಯ ದಂಡ) ಬಿಟ್ಟಿನ ತುದಿಯವರೆಗೆ ನಾಲ್ಕೈದು ಕೂಡುಗಳಿರುತ್ತವೆ, ಅಲುಗಾಟ ಅವುಗಳಲ್ಲಿ ಯಾವುದರಲ್ಲಾದರೂ ಹುಟ್ಟಬಹುದು. ಮೇಲಿನಿಂದ ಕೆಳಕ್ಕೆ ಒಂದೊಂದೇ ಕೂಡನ್ನು ಅಳೆದು ಬಂದರೆ ಹೆಚ್ಚಿನ ಮಷಿನ್‌ಗಳಲ್ಲಿ ಏನನ್ನೂ ಕೊಳ್ಳದೆ ದೋಷ ಸಿಗುತ್ತದೆ. ಆದ್ದರಿಂದ ಅಳತೆ ಮುಗಿಯುವ ತನಕ ಯಾವ ಬಿಡಿಭಾಗವನ್ನೂ ತರಬೇಡಿ.

ಇಲ್ಲಿ ಹೇಳುತ್ತಿರುವುದು ಬಟಾಲಾ, ಲುಧಿಯಾನ, ರಾಜಕೋಟ್ ಕಡೆಯಿಂದ ಬಂದು ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗದಂಥ ಕಡೆ ದುಡಿದು ಗುಜರಿ ಸೇರುವ ಬೀಡಿನ (ಎರಕದ ಕಬ್ಬಿಣದ) ಮಷಿನ್‌ಗಳ ಬಗ್ಗೆ: 13 ಮಿ.ಮೀ. ಚಕ್, ಮೆಟ್ಟಿಲು ಪುಲ್ಲಿ, ವಿ-ಬೆಲ್ಟ್, ಸ್ಪಿಂಡಲ್ ಒಳಗೆ ಎಂಟಿ-2 (ಮೋರ್ಸ್ ಟೇಪರ್ 2) ಅಳತೆಯ ಟೇಪರ್, ಅಂದರೆ ಒಳಕ್ಕೆ ಕಿರಿದಾಗುತ್ತ ಹೋಗುವ ಗೂಡು. ಕೆಲವು ಚಿಕ್ಕ ಮಷಿನ್‌ಗಳಲ್ಲಿ ಆರ್ಬರ್ (ಆ ಗೂಡಿಗೂ ಚಕ್‌ಗೂ ನಡುವಿನ ತುಂಡು ದಂಡ) ಇರುವುದಿಲ್ಲ, ಸ್ಪಿಂಡಲ್‌ನ ಮೂತಿಗೇ ಚಕ್ ಕೂರುತ್ತದೆ. ಅಂಥದ್ದಾದರೆ ಆರ್ಬರ್‌ನ ಭಾಗ ಬಿಟ್ಟು ಮುಂದಕ್ಕೆ ಹೋಗಿ.

ಕರೆಂಟಿನ ಮಾತು ಮೊದಲು

ಹಳೆ ಮಷಿನ್‌ನ ವೈರ್ ಮುಟ್ಟಿದರೆ ಪುಡಿಯಾಗುವಂತಿದ್ದರೆ, ಅರ್ತಿಂಗ್ ವೈರ್ ಎಲ್ಲೋ ಕತ್ತರಿಸಿ ಹೋಗಿದ್ದರೆ, ಉಳಿದ ಕೆಲಸಕ್ಕೆ ಕೈ ಹಾಕುವ ಮೊದಲೇ ಹೊಸ ಮೂರು ಎಳೆಯ ಕೇಬಲ್ ಹಾಕಿಸಿ. ಬೀಡಿನ ದೇಹ, ಕೆಳಗೆ ಸಿಮೆಂಟ್ ನೆಲ, ಕೈಯಲ್ಲಿ ಬೆವರು, ಇವು ಮೂರು ಸೇರಿದರೆ ತಮಾಷೆಯಲ್ಲ. ಮೋಟಾರ್ ಗುಂಯ್ ಎಂದು ತಿರುಗದೆ ನಿಂತರೆ ಸಾಮಾನ್ಯವಾಗಿ ಕೆಪ್ಯಾಸಿಟರ್ ಅಥವಾ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್. ಅದು ಬೇರೆಯೇ ಕಥೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು ಅನ್ನುವುದಷ್ಟು ನೆನಪಿರಲಿ. ಕೆಳಗಿನ ಅಳತೆಗಳೆಲ್ಲ ಪ್ಲಗ್ ಕಿತ್ತಿಟ್ಟು, ಕೈಯಲ್ಲಿ ತಿರುಗಿಸಿ ಮಾಡುವಂಥವು.

ಅಲುಗಾಟ ಯಾವ ಜಾತಿಯದು

"ಅಲುಗುತ್ತದೆ" ಎಂಬ ಒಂದೇ ದೂರಿನ ಒಳಗೆ ಬೇರೆ ಬೇರೆ ರೋಗಗಳಿರುತ್ತವೆ. ಬೆಲ್ಟ್ ಕಳಚಿ, ಮೇಲಿನ ಪುಲ್ಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿ ಬಿಟ್ಟಿನ ತುದಿ ನೋಡಿ. ಆಗಲೂ ತುದಿ ವೃತ್ತ ಬರೆದರೆ ಅದು ಔಟ್. ತಿರುಗುವ ಭಾಗಗಳಲ್ಲಿ ಯಾವುದೋ ಒಂದು ನಡುವಿನಲ್ಲಿಲ್ಲ. ತಿರುಗಿಸದೆ ಸುಮ್ಮನೆ ಚಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಟಕ್ ಎಂದರೆ ಅದು ಆಟ. ಬೇರಿಂಗ್ ಅಥವಾ ಕ್ವಿಲ್ (ಹಿಡಿಕೆ ಎಳೆದಾಗ ಸ್ಪಿಂಡಲ್ ಸಮೇತ ಇಳಿಯುವ ಕೊಳವೆ) ಸಡಿಲ. ಕೈಯಲ್ಲಿ ತಿರುಗಿಸಿದಾಗ ಎರಡೂ ಇಲ್ಲ, ಮೋಟಾರ್ ಓಡಿದಾಗ ಮಾತ್ರ ಟೇಬಲ್ ಮೇಲಿನ ಸ್ಪ್ಯಾನರ್ ಕುಣಿಯುತ್ತದೆ ಅಂದರೆ ಅದು ನಡುಕ. ಬೆಲ್ಟ್, ಪುಲ್ಲಿ, ಮೋಟಾರ್ ಕಡೆ ನೋಡಬೇಕು.

ನಡುಕದ್ದು ಬೇಗ ಮುಗಿಯುವ ಕೆಲಸ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿಯಾಗಿ ಕೂತ ಬೆಲ್ಟ್ ಪುಲ್ಲಿಯ ಆಕಾರಕ್ಕೇ ಗಟ್ಟಿಯಾಗಿರುತ್ತದೆ. ತಿರುಗುವಾಗ ಆ ಉಬ್ಬು ಪುಲ್ಲಿ ದಾಟಿದಾಗಲೆಲ್ಲ ಒಂದು ಒದೆ. ಬೆಲ್ಟ್ ತೆಗೆದು ಬರೀ ಮೋಟಾರ್ ಓಡಿಸಿ. ಸದ್ದಿಲ್ಲದೆ ಓಡಿದರೆ ಹೊಸ ಬೆಲ್ಟ್ ತನ್ನಿ. ಎ-ಸೆಕ್ಷನ್ ಬೆಲ್ಟ್‌ನ ಅಗಲ 13 ಮಿ.ಮೀ., ಮೇಲೆ ಬರೆದ ಎ-36 ಮುಂತಾದ ನಂಬರ್ ಒಳಸುತ್ತಿನ ಉದ್ದದ ಇಂಚು. ಹಳೆಯದರ ನಂಬರ್ ಅಳಿಸಿದ್ದರೆ ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆಯಿರಿ. ಬರೀ ಮೋಟಾರೇ ನಡುಗಿದರೆ ಪುಲ್ಲಿಯ ಗ್ರಬ್ ಸ್ಕ್ರೂ, ಕೀ, ಆಮೇಲೆ ಮೋಟಾರ್‌ನ ಬೇರಿಂಗ್. ಹೊಸ ಬೆಲ್ಟನ್ನು ತಂತಿಯಂತೆ ಬಿಗಿದು ಸ್ಪಿಂಡಲ್‌ನ ಬೇರಿಂಗ್‌ಗಳನ್ನು ಕೊಲ್ಲಬೇಡಿ. ನಡುವೆ ಹೆಬ್ಬೆರಳಿಂದ ಒತ್ತಿದರೆ 10 ಮಿ.ಮೀ.ನಷ್ಟು ತಗ್ಗಬೇಕು.

ಇನ್ನೊಂದು ಜಾತಿಯಿದೆ. ಮಷಿನ್ ನೆಟ್ಟಗಿದೆ, ತೂತು ಮಾತ್ರ ದೊಡ್ಡದಾಗುತ್ತದೆ. ಆಗ ಬಿಟ್ಟಿನ ಮೂತಿ ನೋಡಿ. ಕೈಯಲ್ಲಿ ಗ್ರೈಂಡರ್‌ಗೆ ಹಿಡಿದು ಮಸೆದ ಬಿಟ್ಟಿನ ಎರಡು ತುಟಿಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಇದ್ದರೆ ಎಷ್ಟೇ ನೆಟ್ಟಗಿನ ಮಷಿನ್ ಆದರೂ ತೂತು ದೊಡ್ಡದೇ. ತುದಿಯ ಕೋನ 118 ಡಿಗ್ರಿಯಿರುವ ಹೊಸ ಬಿಟ್ ಒಂದನ್ನು ಪರೀಕ್ಷೆಗೆಂದೇ ಎತ್ತಿಟ್ಟುಕೊಳ್ಳಿ. ಅದನ್ನು ಗಾಜಿನ ಮೇಲೆ ಉರುಳಿಸಿ ನೆಟ್ಟಗಿದೆಯೇ ಎಂದೂ ನೋಡಿ.

ಇನ್ನು ಮುಂದಿನದ್ದೆಲ್ಲ ಔಟ್ ಬಗ್ಗೆ. ಜನ ಎಡವುವುದು ಅಲ್ಲಿಯೇ.

ಅಳೆಯಲು ಏನು ಬೇಕು

0.01 ಮಿ.ಮೀ. ತೋರಿಸುವ ಡಯಲ್ ಗೇಜ್, ಒಂದು ಮ್ಯಾಗ್ನೆಟಿಕ್ ಸ್ಟ್ಯಾಂಡ್. ಬ್ರ್ಯಾಂಡ್ ಮುಖ್ಯವಲ್ಲ, ಮುಳ್ಳು ಹೋದ ಜಾಗಕ್ಕೇ ವಾಪಸ್ ಬರಬೇಕು, ಅಷ್ಟೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆ ಅಗ್ಗದ್ದೂ ಸಿಗುತ್ತದೆ. ಡಯಲ್ ಇಲ್ಲದಿದ್ದರೆ ಟೇಬಲ್‌ಗೆ ಒಂದು ಗಟ್ಟಿ ಕಬ್ಬಿಣದ ತುಂಡು ಬಿಗಿದು, ಅದಕ್ಕೂ ತಿರುಗುವ ರಾಡಿಗೂ ನಡುವಿನ ಸಂದಿಯನ್ನು ಫೀಲರ್ ಗೇಜ್‌ನಿಂದ ಅಳೆಯಬಹುದು. ಅತಿ ದೊಡ್ಡ ಸಂದಿಯಿಂದ ಅತಿ ಚಿಕ್ಕದನ್ನು ಕಳೆದರೆ ಬರುವುದೂ ಡಯಲ್ ತೋರಿಸುವ ಅಂಕೆಯೇ.

ಚಕ್‌ಗೆ ಕಚ್ಚಿಸಲು ಬಿಟ್ ಬೇಡ, ನೆಟ್ಟಗಿನ ರಾಡ್ ಬೇಕು. ಬಿಟ್ಟಿನ ಹಿಡಿಯ ಮೇಲೆ ಹಿಂದೊಮ್ಮೆ ಚಕ್‌ನಲ್ಲಿ ಜಾರಿ ತಿರುಗಿದಾಗ ಎದ್ದ ಗೀರುಗಳಿರುತ್ತವೆ, ಅವು ಅಳತೆಯನ್ನೇ ಕೆಡಿಸುತ್ತವೆ. ಕೆಟ್ಟುಹೋದ ಹಳೆ ಪ್ರಿಂಟರ್ ಬಿಚ್ಚಿದರೆ ಅದರ ಹೆಡ್ ಓಡಾಡುವ ಹೊಳೆಯುವ ಉಕ್ಕಿನ ಕಂಬಿ ಸಿಗುತ್ತದೆ. ಗ್ರೈಂಡ್ ಮಾಡಿದ್ದು, ದುಂಡಗೆ, ನೆಟ್ಟಗೆ ಇರುತ್ತದೆ. 120 ಮಿ.ಮೀ. ಉದ್ದಕ್ಕೆ ಕತ್ತರಿಸಿ, ತುದಿಯ ಮುಳ್ಳು (ಕತ್ತರಿಸಿದಾಗ ಏಳುವ ಚೂಪು ಅಂಚು) ಉಜ್ಜಿ ಇಟ್ಟುಕೊಂಡರೆ ಇದಕ್ಕಿಂತ ಒಳ್ಳೆಯ ಟೆಸ್ಟ್ ಬಾರ್ ಮನೆಯಲ್ಲಿ ಬೇರೆ ಸಿಗಲಾರದು.

ಮೇಲಿನಿಂದ ಕೆಳಕ್ಕೆ

ಟೇಬಲ್ ಲಾಕ್ ಮಾಡಿ, ಸ್ಟ್ಯಾಂಡನ್ನು ಅದರ ಮೇಲೆ ಕೂರಿಸಿ. ತಿರುಗಿಸುವುದು ಯಾವಾಗಲೂ ಮೇಲಿನ ಪುಲ್ಲಿಯಿಂದ. ಚಕ್ ಹಿಡಿದು ತಿರುಗಿಸಿದರೆ ಕೈಯ ಒತ್ತಡವನ್ನೂ ಡಯಲ್ ಓದುತ್ತದೆ.

ಮೊದಲ ಓದು ಕ್ವಿಲ್‌ನಿಂದ ಹೊರಗೆ ಕಾಣುವ ಸ್ಪಿಂಡಲ್‌ನ ಮೂತಿಯ ಮೇಲೆ. ಎರಡನೆಯದು ಟೇಪರ್ ಗೂಡಿನ ಒಳಗೋಡೆಯ ಮೇಲೆ, ನಿಮ್ಮಲ್ಲಿ ಲಿವರ್ ಮಾದರಿಯ ಡಯಲ್ ಇದ್ದರೆ ಮಾತ್ರ. ನೆಟ್ಟಗಿನ ಡಯಲ್‌ನ ಮೂತಿ ಅಲ್ಲಿಗೆ ಹೋಗದು. ಮೂರನೆಯದು ಚಕ್‌ನಲ್ಲಿ ಹಿಡಿದ ರಾಡಿನ ಮೇಲೆ, ದವಡೆಗೆ ಅಂಟಿದಂತೆ. ನಾಲ್ಕನೆಯದು ಅದೇ ರಾಡಿನ ಮೇಲೆ ಇನ್ನೂ 80 ಮಿ.ಮೀ. ಕೆಳಗೆ. ಚಕ್‌ನ ಹೊರಮೈ ಮೇಲೆ ಡಯಲ್ ಇಟ್ಟು ತೀರ್ಮಾನಕ್ಕೆ ಬರಬೇಡಿ, ಹೊರಮೈ ದವಡೆಗಳಷ್ಟು ಕರಾರುವಾಕ್ಕಾಗಿ ಇರಬೇಕೆಂಬ ನಿಯಮವೇನೂ ಇಲ್ಲ.

ಸ್ಪಿಂಡಲ್‌ನ ಮೂತಿ 0.02 ಮಿ.ಮೀ. ಒಳಗಿದ್ದರೆ ಸಮಾಧಾನದಿಂದ ಮುಂದುವರಿಯಿರಿ, ಬೇರಿಂಗ್ ಮತ್ತು ಸ್ಪಿಂಡಲ್ ಎರಡೂ ಪಾರು. ಅಲ್ಲೇ 0.05ಕ್ಕಿಂತ ಹೆಚ್ಚಿದ್ದರೆ ಮುಂದೆ ಬರುವ "ಬೇರಿಂಗ್, ಕ್ವಿಲ್" ಭಾಗಕ್ಕೆ ಹೋಗಿ. ಸ್ಪಿಂಡಲ್ ಸರಿಯಿದ್ದು ರಾಡಿನ ಮೇಲೆ 0.2, 0.3 ಬಂದರೆ ದೋಷ ಟೇಪರ್‌ಗೂ ದವಡೆಗೂ ನಡುವೆ ಇದೆ.

ರಾಡಿನ ಎರಡು ಓದುಗಳನ್ನು ಹೋಲಿಸಿ. ಮೇಲೆ 0.15, ಕೆಳಗೂ 0.15 ಅಂದರೆ ಇಡೀ ರಾಡ್ ಪಕ್ಕಕ್ಕೆ ಸರಿದಿದೆ, ಓರೆಯಾಗಿಲ್ಲ. ಸಂಶಯ ದವಡೆಗಳ ಮೇಲೆ. ಮೇಲೆ 0.08, ಕೆಳಗೆ 0.30 ಅಂದರೆ ರಾಡ್ ಓರೆ ನಿಂತಿದೆ. ಟೇಪರ್‌ನಲ್ಲಿ ಕಸ, ಬಾಗಿದ ಆರ್ಬರ್ ಅಥವಾ ಬಾಯಗಲಿದ ದವಡೆ. ಈ ಒಂದು ಹೋಲಿಕೆಯಿಂದ ಅರ್ಧ ಹುಡುಕಾಟ ತಪ್ಪುತ್ತದೆ.

ಮಾರ್ಕರ್ ಪೆನ್ನಿನ ಪರೀಕ್ಷೆ

ದೋಷ ಯಾರದ್ದು ಎಂದು ಪಂಚಾಯಿತಿ ಮಾಡಲು ಇದಕ್ಕಿಂತ ನಂಬಿಕಸ್ತ ದಾರಿ ನನಗೆ ಗೊತ್ತಿಲ್ಲ. ಡಯಲ್ ಅತಿ ಹೆಚ್ಚು ತೋರಿಸುವ ಜಾಗದಲ್ಲಿ (ಇದೇ ಉಬ್ಬು) ನಿಲ್ಲಿಸಿ, ಡಯಲ್‌ಗೆ ಎದುರಾಗಿ ಸ್ಪಿಂಡಲ್‌ನ ಮೂತಿ, ಆರ್ಬರ್, ಚಕ್, ರಾಡ್ ನಾಲ್ಕರ ಮೇಲೂ ಮೇಲಿಂದ ಕೆಳಕ್ಕೆ ನೇರ ಒಂದೇ ಗೆರೆ ಎಳೆಯಿರಿ.

ಈಗ ಚಕ್ ಸಡಿಲಿಸಿ ರಾಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದು ಅಳೆಯಿರಿ. ಉಬ್ಬು ರಾಡಿನ ಗೆರೆಯ ಜೊತೆ ಹೋದರೆ ರಾಡೇ ಬಾಗಿದೆ, ಬೇರೆ ರಾಡ್ ಹುಡುಕಿ. ಉಬ್ಬು ಚಕ್‌ನ ಗೆರೆಯಲ್ಲೇ ಉಳಿದರೆ ಮುಂದಿನ ಹೆಜ್ಜೆ: ಸ್ಪಿಂಡಲ್‌ನ ಪಕ್ಕದ ಉದ್ದ ಸಂದಿಯಲ್ಲಿ ಡ್ರಿಫ್ಟ್ (ಚಪ್ಪಟೆ ಬೆಣೆ) ತೂರಿಸಿ, ಕೆಳಗೆ ಮರದ ತುಂಡು ಇಟ್ಟು, ಒಂದು ಏಟಿಗೆ ಆರ್ಬರ್ ಸಮೇತ ಚಕ್ ಇಳಿಸಿ. ಅರ್ಧ ಸುತ್ತು ತಿರುಗಿಸಿ ಮತ್ತೆ ಏರಿಸಿ. ಆರ್ಬರ್‌ನ ಮೇಲ್ತುದಿಯ ಚಪ್ಪಟೆ ಬಾಲ ಕೂರುವ ತೋಡಿಗೆ ಎರಡೇ ದಿಕ್ಕು, ಹಾಗಾಗಿ ಅರ್ಧ ಸುತ್ತು ತಾನಾಗಿ ಕರಾರುವಾಕ್ಕಾಗಿರುತ್ತದೆ. ಮತ್ತೆ ಅಳೆಯಿರಿ. ಉಬ್ಬು ಆರ್ಬರ್‌ನ ಗೆರೆಯ ಜೊತೆ ಬಂದರೆ ದೋಷ ಆರ್ಬರ್ ಅಥವಾ ಚಕ್‌ನದು. ಸ್ಪಿಂಡಲ್‌ನ ಗೆರೆಯಲ್ಲೇ ನಿಂತರೆ ಗೂಡಿನದು. ಎರಡೂ ಅಲ್ಲದ ಮೂರನೇ ಜಾಗಕ್ಕೆ ಹೋದರೆ, ಅಥವಾ ಪ್ರತಿ ಸಲ ಹೊಸ ಅಂಕೆ ಬಂದರೆ, ಟೇಪರ್ ಸರಿಯಾಗಿ ಕೂರುತ್ತಲೇ ಇಲ್ಲ. ನಡುವೆ ಏನೋ ಇದೆ.

ಟೇಪರ್ ಗೂಡು: ಹೆಚ್ಚಿನ ದೋಷ ಸಿಗುವ ಜಾಗ

ಮೋರ್ಸ್ ಟೇಪರ್ 1860ರ ದಶಕದಿಂದ ಬಂದದ್ದು, ಅಮೆರಿಕದ ಸ್ಟೀಫನ್ ಮೋರ್ಸ್ ಹೆಸರಿನದು. ಸುಮಾರು 20ಕ್ಕೆ 1ರ ಇಳಿಜಾರು, ಎಂಟಿ-2 ಆದರೆ ದೊಡ್ಡ ಬಾಯಿ 17.78 ಮಿ.ಮೀ. ಹಿಡಿದಿಡುವುದು ಇಡೀ ಮೈಯ ಉಜ್ಜುಹಿಡಿತ. ಬಾಲ ಇರುವುದು ಮುಖ್ಯವಾಗಿ ಡ್ರಿಫ್ಟ್‌ನಿಂದ ಹೊರಡಿಸಲು. ಇಡೀ ಮೈ ಅಂಟದಿದ್ದರೆ ಆರ್ಬರ್ ಓರೆ ನಿಲ್ಲುತ್ತದೆ, ಭಾರ ಬಿದ್ದಾಗ ಜಾರಿ ತಿರುಗುತ್ತದೆ, ತಿರುಗಿದಾಗ ಗೂಡನ್ನು ಕೆರೆಯುತ್ತದೆ. ಕೆರೆದ ಗೂಡಿನಲ್ಲಿ ಮುಂದಿನ ಸಲ ಇನ್ನೂ ಬೇಗ ಜಾರುತ್ತದೆ.

ಎಷ್ಟು ಕಸ ಸಾಕು ಎಂದು ಲೆಕ್ಕ ಹಾಕಿ ನೋಡಿ. ಟೇಪರ್‌ನ ಹಿಡಿತದ ಉದ್ದ 65 ಮಿ.ಮೀ. ಇಟ್ಟುಕೊಳ್ಳೋಣ. ಮೇಲ್ತುದಿಯಲ್ಲಿ ಒಂದು ಕಡೆ 0.05 ಮಿ.ಮೀ.ನ ತುಕ್ಕಿನ ಚಕ್ಕೆ ಸಿಕ್ಕಿಕೊಂಡಿದೆ. ಬಿಟ್ಟಿನ ತುದಿ ಗೂಡಿನ ಬಾಯಿಂದ 130 ಮಿ.ಮೀ. ಕೆಳಗಿದ್ದರೆ ಅಲ್ಲಿ ಸರಿಯುವುದು 0.1, ಡಯಲ್ ತೋರಿಸುವುದು ಅದರ ದುಪ್ಪಟ್ಟು 0.2. ಕಣ್ಣಿಗೆ ಕಾಣದ ಚಕ್ಕೆಯೊಂದಕ್ಕೆ ಜನ ಚಕ್ ಬದಲಾಯಿಸುತ್ತಾರೆ.

ಗೂಡನ್ನು ಪರೀಕ್ಷಿಸಲು ಕಿರುಬೆರಳಿಗಿಂತ ಒಳ್ಳೆಯ ಸಾಧನವಿಲ್ಲ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಕಡ್ಡಿಗೆ ಸುತ್ತಿ ಒಳಗೆ ತಿರುಗಿಸಿ, ಬಟ್ಟೆ ಕಪ್ಪಾಗದೆ ಹೊರಬರುವ ತನಕ. ಒಣಗಿದ ಮೇಲೆ ಕಿರುಬೆರಳು ತೂರಿಸಿ ಸುತ್ತಲೂ ನಿಧಾನವಾಗಿ ಸವರಿ. ಗ್ರೀಸ್ ಗಟ್ಟಿಯಾಗಿ ಅಂಟಿದ ಜಾಗ ನುಣುಪಾಗಿ ಉಬ್ಬಿದಂತೆ ಸಿಗುತ್ತದೆ, ಅದು ಇನ್ನೂ ತೊಳೆದರೆ ಹೋಗುತ್ತದೆ. ಲೋಹದ ಮುಳ್ಳಾದರೆ ಉಗುರಿಗೆ ತಡೆಯುತ್ತದೆ. ಮೇಲೆ ಡ್ರಿಫ್ಟ್ ಸಂದಿಯ ಅಂಚುಗಳನ್ನು ಮರೆಯದೆ ಮುಟ್ಟಿ ನೋಡಿ. ಡ್ರಿಫ್ಟ್ ಸಿಗದೆ ಸ್ಕ್ರೂಡ್ರೈವರ್ ಬಡಿದವರು ಬಿಟ್ಟುಹೋದ ಮುಳ್ಳು ಅಲ್ಲೇ ಒಳಕ್ಕೆ ಮಡಚಿಕೊಂಡಿರುತ್ತದೆ.

ಮುಳ್ಳು ಸಿಕ್ಕಿತು ಎಂದು ಎಮರಿ ಪೇಪರ್ ಸುತ್ತಿ ಗೂಡನ್ನೆಲ್ಲ ಉಜ್ಜಬೇಡಿ. ಮುಳ್ಳು ಹೋಗುತ್ತದೆ, ಜೊತೆಗೆ ಗೂಡಿನ ಆಕಾರವೂ ಹೋಗುತ್ತದೆ. ಎಂಟಿ-2 ಫಿನಿಶಿಂಗ್ ರೀಮರ್ (ಗೂಡಿನ ಒಳಮೈಯನ್ನು ತೆಳುವಾಗಿ ಕೆರೆಯುವ ಸಾಧನ) ಎರವಲು ಸಿಕ್ಕರೆ ಕೈಯಲ್ಲೇ, ಒತ್ತದೆ, ಕತ್ತರಿಸುವ ದಿಕ್ಕಿಗೆ ಮಾತ್ರ ಒಂದೆರಡು ಸುತ್ತು. ಮುಳ್ಳು ಹಾರಿದರೆ ನಿಲ್ಲಿಸಿ, ಗೂಡನ್ನು ಹೊಸದಾಗಿ ಕೊರೆಯುವುದು ನಮ್ಮ ಉದ್ದೇಶವಲ್ಲ. ಆರ್ಬರ್ ಮೇಲಿನ ಮುಳ್ಳನ್ನು ಸಾಣೆಕಲ್ಲಿನಿಂದ ಆ ಜಾಗದಲ್ಲಷ್ಟೇ ಸವರಿ.

ಆಮೇಲೆ ಆರ್ಬರ್ ಮೇಲೆ ಉದ್ದಕ್ಕೆ ಮೂರು ಮಾರ್ಕರ್ ಗೆರೆ ಎಳೆದು, ಗೂಡಿಗೆ ಏರಿಸಿ, ಕೂರುವ ಮುನ್ನ ಕೊಂಚ ತಿರುಚಿ ತೆಗೆಯಿರಿ. ಗೆರೆಗಳು ಉದ್ದಕ್ಕೂ ಅಳಿಸಿದ್ದರೆ ಗೂಡು ಚೆನ್ನಾಗಿದೆ. ಮೇಲ್ಭಾಗ ಮಾತ್ರ ಅಳಿಸಿ ಕೆಳಗೆ ಹಾಗೇ ಉಳಿದಿದ್ದರೆ ಗೂಡಿನ ಬಾಯಿ ಅಗಲವಾಗಿದೆ, ಹಿಂದಿನ ಮಾಲೀಕರ ಕಾಲದಲ್ಲಿ ಆರ್ಬರ್ ಬಹಳ ಸಲ ಜಾರಿ ತಿರುಗಿದೆ ಎಂದರ್ಥ. ಅದು ಮನೆಯಲ್ಲಿ ಸರಿಯಾಗದು, ಲೇತ್ ಇರುವ ಅಂಗಡಿಯ ಕೆಲಸ.

ಏರಿಸುವಾಗ ಎರಡೂ ಮೈ ಒಣಗಿರಬೇಕು. ತುಕ್ಕು ಹಿಡಿಯದಿರಲಿ ಎಂದು ಟೇಪರ್‌ಗೆ ಗ್ರೀಸ್ ಬಳಿಯುವ ಅಭ್ಯಾಸ ಬಿಡಿ. ಚಕ್‌ನ ದವಡೆಗಳನ್ನು ಪೂರ್ತಿ ಒಳಕ್ಕೆಳೆದು, ಟೇಬಲ್ ಮೇಲೆ ಮರದ ತುಂಡಿಟ್ಟು, ಹಿಡಿಕೆ ಎಳೆದು ಒತ್ತಿದರೆ ಸಾಕು. ದವಡೆ ಹೊರಗಿರುವಾಗ ಕೆಳಗಿಂದ ಸುತ್ತಿಗೆ ಬಡಿದರೆ ಒಳ್ಳೆಯ ಚಕ್ ಅಲ್ಲೇ ಹಾಳು.

ಆರ್ಬರ್, ಚಕ್

ಟೇಪರ್ ಸ್ವಚ್ಛವಾದ ಮೇಲೂ ಉಬ್ಬು ಆರ್ಬರ್‌ನ ಜೊತೆಗೇ ತಿರುಗುತ್ತಿದ್ದರೆ ಚಕ್ ಕಳಚಬೇಕು. ಆರ್ಬರ್‌ನ ಗಿಡ್ಡ ತುದಿ ಹೆಚ್ಚಾಗಿ ಬಿ-16 ಅಥವಾ ಜೇಕಬ್ಸ್-6 ಎಂಬ ಅಳತೆಯ ಟೇಪರ್ ಆಗಿರುತ್ತದೆ. ಚಕ್‌ಗೂ ಆರ್ಬರ್‌ಗೂ ನಡುವಿನ ಸಂದಿಗೆ ಎರಡೂ ಕಡೆಯಿಂದ ಜೋಡಿ ಬೆಣೆ ತೂರಿಸಿ, ವೈಸ್‌ನಲ್ಲಿ ಒತ್ತಿದರೆ ಟಪ್ ಎಂದು ಬಿಡುತ್ತದೆ. ಚಕ್ ಇಲ್ಲದ ಆರ್ಬರನ್ನು ಸ್ಪಿಂಡಲ್‌ಗೆ ಏರಿಸಿ ಆ ಗಿಡ್ಡ ಟೇಪರ್ ಮೇಲೆಯೇ ಡಯಲ್ ಇಡಿ. ಅಲ್ಲಿ 0.05 ದಾಟಿದರೆ ಆರ್ಬರ್ ಬಾಗಿದೆ. ಅದನ್ನು ಬಡಿದು ನೆಟ್ಟಗೆ ಮಾಡಲು ಹೋಗಬೇಡಿ, ಹೊಸದು ಚಕ್‌ಗಿಂತ ಅಗ್ಗ.

ಆರ್ಬರ್ ನೆಟ್ಟಗಿದ್ದರೆ ಕೊನೆಗೂ ಚಕ್‌ನ ಸರದಿ. ಚಕ್ ಎಂದ ತಕ್ಷಣ ಎಸೆಯಬೇಕಿಲ್ಲ. ದಶಕಗಳ ಎಣ್ಣೆಯೂ ಕಬ್ಬಿಣದ ಪುಡಿಯೂ ಸೇರಿ ಮೂರರಲ್ಲಿ ಒಂದು ದವಡೆ ಮಾತ್ರ ಬಿಗಿಯಾಗಿ ಚಲಿಸುತ್ತಿರಬಹುದು. ರಾತ್ರಿಯಿಡೀ ಡೀಸೆಲ್‌ನಲ್ಲಿ ಮುಳುಗಿಸಿ, ಬೆಳಿಗ್ಗೆ ತೆರೆದು ಮುಚ್ಚಿ ತೆರೆದು ಮುಚ್ಚಿ ತೊಳೆಯಿರಿ. ಹೊರಡುವ ಮಡ್ಡಿ ನೋಡಿದರೆ ಆಶ್ಚರ್ಯವಾಗುತ್ತದೆ. ಬಿಗಿಯುವಾಗ ಕೀಯನ್ನು ಮೂರೂ ತೂತುಗಳಲ್ಲಿ ಸರದಿಯಂತೆ ಹಾಕಿ. ಇಷ್ಟರಲ್ಲೇ 0.3 ಇದ್ದದ್ದು 0.12ಕ್ಕೆ ಇಳಿಯುವುದುಂಟು.

ಬಿಚ್ಚಿ ತೊಳೆಯಲೇಬೇಕು ಅಂದರೆ ಕೀ ಹಾಕುವ ಚಕ್‌ನ ಹಲ್ಲಿನ ಬಳೆಯನ್ನು ಪ್ರೆಸ್‌ನಲ್ಲಿ ಒತ್ತಿ ತೆಗೆಯಬೇಕು. ಒಳಗೆ ಎರಡು ಹೋಳಾದ ನಟ್, ಮೂರು ದವಡೆ. ಮೂರರ ಸ್ಕ್ರೂ ಎಳೆಗಳೂ ಬೇರೆ ಬೇರೆ, ಯಾವುದು ಯಾವ ತೋಡಿನದು ಎಂದು ಗುರುತು ಹಾಕದೆ ತೆಗೆದರೆ ಮತ್ತೆ ಜೋಡಿಸುವಾಗ ದವಡೆಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ. ದವಡೆಗಳ ಒಳಮೈ ಬೆಳಕಿಗೆ ಹಿಡಿದು ನೋಡಿ. ರಾಡ್ ಕಚ್ಚಿದಾಗ ಬಾಯಿಯ ಬಳಿ ಬೆಳಕು ನುಸುಳಿದರೆ ಬಾಯಗಲಿದೆ. ಮಸೆದು ಸರಿಮಾಡುವವರಿದ್ದಾರೆ, ಆದರೆ ನನ್ನ ಮಟ್ಟಿಗೆ ಆ ಶ್ರಮಕ್ಕೆ ಬೆಲೆಯಿಲ್ಲ. ಹೊಸ ಚಕ್ ತರಬೇಕಾದ ಹೊತ್ತು ಇದೇ.

ಬೇರಿಂಗ್, ಕ್ವಿಲ್

ಸ್ಪಿಂಡಲ್‌ನ ಮೂತಿಯೇ ಔಟ್ ತೋರಿಸಿದವರು ಇಲ್ಲಿಗೆ ಬರಬೇಕು. ಕ್ವಿಲ್ ಪೂರ್ತಿ ಮೇಲಿರುವಾಗ ಸ್ಪಿಂಡಲನ್ನು ಪಕ್ಕಕ್ಕೆ ಒತ್ತಿ ಡಯಲ್ ನೋಡಿ, ಆಮೇಲೆ ಕ್ವಿಲ್‌ನ ಮೈಮೇಲೆ ಡಯಲ್ ಇಟ್ಟು ಹಾಗೇ ಒತ್ತಿ. ಎರಡೂ ಸಮ ಸರಿದರೆ ಆಟ ಕ್ವಿಲ್‌ಗೂ ಬೀಡಿನ ತಲೆಗೂ ನಡುವೆ ಇದೆ. ತಲೆಯ ಪಕ್ಕದಲ್ಲಿ ಸೀಳು, ಬೋಲ್ಟ್ ಇದ್ದರೆ ಕಾಲು ಕಾಲು ಸುತ್ತು ಬಿಗಿದು ನೋಡಿ, ಕ್ವಿಲ್ ತಾನಾಗಿ ಮೇಲೇರುವಷ್ಟು ಸಡಿಲ ಇರಲಿ. ಸ್ಪಿಂಡಲ್ ಮಾತ್ರ ಸರಿದರೆ ಬೇರಿಂಗ್.

ಬೇರಿಂಗ್ ಬದಲಿಸುವ ಮೊದಲು ಸ್ಪಿಂಡಲ್‌ನ ಮೇಲ್ತುದಿಯ ಲಾಕ್‌ನಟ್ ಸಡಿಲವಾಗಿದೆಯೇ ನೋಡಿ. ಕೆಲವು ಮಷಿನ್‌ಗಳಲ್ಲಿ ರೋಗ ಅದೊಂದೇ. ಬದಲಿಸಲೇಬೇಕಾದರೆ ನಂಬರ್ ಬೇರಿಂಗ್ ಮೇಲೆಯೇ ಇರುತ್ತದೆ: 6203 ಅಂದರೆ 17 ಒಳಗೆ, 40 ಹೊರಗೆ, 12 ದಪ್ಪ. 6204 ಅಂದರೆ 20, 47, 14. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ನಕಲಿ ಮಾಲು ಬರುವುದು ಎಲ್ಲರಿಗೂ ಗೊತ್ತಿರುವುದೇ, ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ ಬೇಡ. ಸ್ಪಿಂಡಲ್‌ಗೆ ಏರಿಸುವಾಗ ಒಳಬಳೆಯನ್ನೇ ಒತ್ತಬೇಕು, ಕ್ವಿಲ್‌ಗೆ ಕೂರಿಸುವಾಗ ಹೊರಬಳೆಯನ್ನೇ. ತಪ್ಪು ಬಳೆಗೆ ಬಡಿದರೆ ಗುಂಡುಗಳ ಹಾದಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಹೊಸ ಬೇರಿಂಗ್ ಹಾಕಿದ ಮೇಲೂ ಮೂತಿ ಔಟ್ ಇದ್ದರೆ ಸ್ಪಿಂಡಲ್ ಬಾಗಿದೆ. ಅಲ್ಲಿಗೆ ಮನೆಯ ಕೆಲಸ ಮುಗಿಯಿತು, ಲೇತ್ ಅಂಗಡಿಗೆ ಒಯ್ಯಿರಿ.

ತೂತು ಓರೆಯಾಗುತ್ತಿದ್ದರೆ

ಬಿಟ್ ನೆಟ್ಟಗೆ ತಿರುಗುತ್ತದೆ, ತೂತು ಮಾತ್ರ ಓರೆ ಅಂದರೆ ಟೇಬಲ್ ನೋಡಿ. ಗಟ್ಟಿ ತಂತಿಯನ್ನು ಎರಡು ಕಡೆ ಬಾಗಿಸಿ, ತುದಿ ಟೇಬಲ್‌ಗೆ ತಾಗುವಂತೆ ಚಕ್‌ಗೆ ಕಚ್ಚಿಸಿ ಒಂದು ಸುತ್ತು ತಿರುಗಿಸಿ. ಒಂದು ಕಡೆ ಕೆರೆದು ಇನ್ನೊಂದು ಕಡೆ ಸಂದಿ ಬಿಟ್ಟರೆ ಟೇಬಲ್ ವಾಲಿದೆ. ಎಡಬಲ ವಾಲಿದ್ದರೆ ಕೆಳಗಿನ ಬೋಲ್ಟ್ ಸಡಿಲಿಸಿ ಸರಿಮಾಡಬಹುದು, ಹಿಂದೆ ಮುಂದೆ ವಾಲಿದ್ದರೆ ತೆಳು ಪಿತ್ತಾಳೆ ಹಾಳೆಯ ಶಿಮ್.

ಬಣ್ಣದ ಡಬ್ಬಿ ತೆರೆಯುವುದು ಇದೆಲ್ಲ ಮುಗಿದ ಮೇಲೆ. ಮೊದಲೇ ಪಳಪಳ ಬಣ್ಣ ಹೊಡೆದು, ಆಮೇಲೆ ಡ್ರಿಫ್ಟ್ ಬಡಿಯುತ್ತ ಬಣ್ಣ ಕೀಳುವವರನ್ನು ಕಂಡರೆ ಪಾಪ ಅನ್ನಿಸುತ್ತದೆ. ಕಂಬ, ಕ್ವಿಲ್, ಟೇಬಲ್ ಮೇಲ್ಮೈಗೆ ಬಣ್ಣವೂ ಬೇಡ, ಸ್ಯಾಂಡರ್ ಯಂತ್ರವೂ ಬೇಡ. ಡೀಸೆಲ್ ಹಾಕಿ ಪಾತ್ರೆ ಉಜ್ಜುವ ನಾರಿನಿಂದ ಕೈಯಲ್ಲಿ ಉಜ್ಜಿ, ಒರೆಸಿ, ಎಣ್ಣೆ ಸವರಿ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕೆಲಸದ ಮೇಲೆ ಹೋಗುತ್ತದೆ. ಮರಕ್ಕೆ, ಗೇಟಿನ ಕಬ್ಬಿಣದ ಪಟ್ಟಿಗೆ ರಾಡಿನ ಮೇಲೆ 0.15 ಬಂದರೂ ನಡೆಯುತ್ತದೆ. ಸ್ಕ್ರೂ ಎಳೆ ಕೊರೆಯುವ ತೂತಿಗೆ 0.10 ಒಳಗಿರಲಿ. 1 ಮಿ.ಮೀ. ಬಿಟ್ ಮುರಿಯದೆ ಓಡಬೇಕಾದರೆ 0.05, ಅದಕ್ಕೆ ಆ 13 ಮಿ.ಮೀ. ಚಕ್‌ನ ಬದಲು ಎಂಟಿ-2 ಆರ್ಬರ್‌ನ ಸಣ್ಣ ಚಕ್ ಬೇರೆಯಾಗಿ ಇಟ್ಟುಕೊಳ್ಳುವುದೇ ಲೇಸು.